ಗಾಳಿಯ ದೋಷವೋ, ಪೆಟ್ಟಿಗೆಯ ದೋಷವೋ?



ಸಿಗ್ನಲ್‌ನಲ್ಲಿ ಕಾರು ನಿಂತಾಗ ಎಫ್‌ಎಂ ಹಾಡು ಕೊರಕೊರ ಎನ್ನುತ್ತದೆ. ಎರಡು ಅಡಿ ಮುಂದೆ ಸರಿದರೆ ಮತ್ತೆ ಸ್ಪಷ್ಟ. ಮುಂಬೈಯಲ್ಲೋ ಚೆನ್ನೈಯಲ್ಲೋ ನೀವೂ ಇದನ್ನು ಗಮನಿಸಿರುತ್ತೀರಿ. ಒಂದೇ ಅಲೆ ನೇರವಾಗಿಯೂ ಬರುತ್ತದೆ, ಕಟ್ಟಡಗಳಿಗೆ ಬಡಿದು ಸುತ್ತಿಕೊಂಡೂ ಬರುತ್ತದೆ. ಎರಡೂ ಸೇರಿದಾಗ ಈ ಜಗಳ. ಈ ಹಾದಿಗಳನ್ನು ಅಳೆಯದೆ ಮೊಬೈಲ್ ಜಾಲ ಕಟ್ಟಲಾಗದು. ಜಪಾನಿನ ಒಕುಮುರಾ ಮತ್ತು ಸಂಗಡಿಗರು ಟೋಕಿಯೋ ಸುತ್ತಮುತ್ತ ಅಳೆದು 1968ರಲ್ಲಿ ಪ್ರಕಟಿಸಿದ ನಕ್ಷೆಗಳನ್ನು ಎಂಜಿನಿಯರುಗಳು ದಶಕಗಳ ಕಾಲ ನೆಚ್ಚಿಕೊಂಡಿದ್ದರು.

ಆದರೆ ಅಳೆಯುವ ಪೆಟ್ಟಿಗೆಯೇ ಸುಳ್ಳು ಹೇಳಿದರೆ?

ಇದಕ್ಕೊಂದು ಹಳೆಯ ಕಥೆಯಿದೆ. 1918ರಲ್ಲಿ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟೆರೊಡೈನ್ ರೇಡಿಯೋ, ಬಂದ ಅಲೆಯನ್ನು ಮೊದಲು ನಡುವಿನ ಒಂದು ಆವರ್ತಾಂಕಕ್ಕೆ ಇಳಿಸಿ ಅಲ್ಲಿ ಸೋಸುತ್ತಿತ್ತು. 1924ರಲ್ಲಿ ಕೋಲ್‌ಬ್ರೂಕ್ ಮಧ್ಯದ ಮೆಟ್ಟಿಲೇ ಬೇಡವೆಂದು ಅಲೆಯನ್ನು ನೇರವಾಗಿ ಸೊನ್ನೆಗೆ ಇಳಿಸುವ ಹೋಮೊಡೈನ್ ವಿಧಾನ ತೋರಿಸಿದರು. ಗೆದ್ದದ್ದು ಆರ್ಮ್‌ಸ್ಟ್ರಾಂಗ್, ನಮ್ಮ ಅಜ್ಜಂದಿರ ಮನೆಯ ವಾಲ್ವ್ ರೇಡಿಯೋಗಳು ಬಹುಪಾಲು ಅವರ ವಂಶದವೇ.

1991ರಲ್ಲಿ ಜೋಸೆಫ್ ಮಿಟೋಲಾ 'ಸಾಫ್ಟ್‌ವೇರ್ ರೇಡಿಯೋ' ಎಂಬ ಮಾತು ತಂದರು. 2001ರಲ್ಲಿ ಗ್ನೂ ರೇಡಿಯೋ ಎಂಬ ಉಚಿತ ತಂತ್ರಾಂಶ ಶುರುವಾಯಿತು. ಮುಂದೆ ಬಂದ ಅಗ್ಗದ ಪೆಟ್ಟಿಗೆಗಳಲ್ಲಿ ಹಲವು, ಬಿಡಿಭಾಗ ಕಡಿಮೆ ಸಾಕೆಂದು, ಸೋತಿದ್ದ ಕೋಲ್‌ಬ್ರೂಕ್ ದಾರಿಗೇ ಮರಳಿದವು. ಜೊತೆಗೆ ಹಳೆಯ ಕಾಯಿಲೆಗಳೂ ಮರಳಿದವು!

ಅಲೆಯನ್ನು ಸೊನ್ನೆಗೆ ಇಳಿಸುವಾಗ ಎರಡು ಕವಲು ಮಾಡುತ್ತಾರೆ. ಅವುಗಳ ನಡುವೆ ಸರಿಯಾಗಿ 90 ಡಿಗ್ರಿ ಅಂತರವಿರಬೇಕು. ಒಂದೇ ಒಂದು ಡಿಗ್ರಿ ತಪ್ಪಿದರೂ ಶಕ್ತಿಯ ಸುಮಾರು 13,000ದಲ್ಲಿ ಒಂದು ಪಾಲು, ಕನ್ನಡಿಯ ಬಿಂಬದಂತೆ ಸೊನ್ನೆಯ ಆಚೆ ಬದಿಗೆ ಮೂಡುತ್ತದೆ. ಅಷ್ಟೇ ತಾನೆ ಎನ್ನಬೇಡಿ. ದೂರದ ಗೋಡೆಯಿಂದ ಬರುವ ಮಾರ್ದನಿಯೂ ಅಷ್ಟೇ ಕ್ಷೀಣವಾಗಿರಬಹುದು. ಸೊನ್ನೆಗೇ ಕೂರಿಸಿದ ಒಂಟಿ ಸ್ವರದಿಂದ ಅಳೆಯುತ್ತಿದ್ದರೆ, ಹತ್ತಿರ ಬರುತ್ತಿರುವ ಬಸ್ಸಿನ ಜೊತೆಗೆ ದೂರ ಹೋಗುತ್ತಿರುವ ಇನ್ನೊಂದು ಬಸ್ಸೂ ಕಾಣಿಸುತ್ತದೆ. ಅದು ರಸ್ತೆಯಲ್ಲಿಲ್ಲ, ಪೆಟ್ಟಿಗೆಯಲ್ಲಿದೆ. ಒಳಗಿನ ಸೋರಿಕೆಯಿಂದ ಸೊನ್ನೆಯಲ್ಲೇ ನಿಲ್ಲುವ ಮೊಳೆಯಂಥ ಗೆರೆ ಅಲುಗದ ಕಟ್ಟಡದಂತೆ ನಟಿಸುತ್ತದೆ.

ಮದ್ದು ಸರಳ. ಆಂಟೆನಾ ಕಳಚಿ, ಕಳಿಸುವ ಪೆಟ್ಟಿಗೆಗೂ ಕೇಳುವ ಪೆಟ್ಟಿಗೆಗೂ ನಡುವೆ ಕೇಬಲ್ ಹಾಕಿ, ಸಿಗ್ನಲ್ ತಗ್ಗಿಸುವ ಒಂದು ಅಟೆನ್ಯುಯೇಟರ್ ಸೇರಿಸುತ್ತಾರೆ. ಈಗ ಗಾಳಿಯೇ ಇಲ್ಲ. ಕಂಡ ವಕ್ರತೆಯೆಲ್ಲ ಯಂತ್ರದ್ದು. ಅದನ್ನು ಬರೆದಿಟ್ಟುಕೊಂಡು, ಮುಂದಿನ ಅಳತೆಗಳಿಂದ ಲೆಕ್ಕ ಹಾಕಿ ತೆಗೆಯುತ್ತಾರೆ. ಬಿಂಬಕ್ಕೆ ಬೇರೆಯೇ ಲೆಕ್ಕ: ಎರಡು ಕವಲುಗಳ ವ್ಯತ್ಯಾಸ ಅಂದಾಜಿಸಿ ತಂತ್ರಾಂಶದಲ್ಲೇ ಸಮ ಮಾಡಬೇಕು. ಪೆಟ್ಟಿಗೆ ಬಿಸಿಯಾದರೆ, ವರ್ಧನೆ ಬದಲಿಸಿದರೆ, ಮತ್ತೆ ಆಂಟೆನಾ ಕಳಚಬೇಕು, ಮತ್ತೆ ಕೇಬಲ್ ಸಿಕ್ಕಿಸಬೇಕು.