ಹಳೆಯ ಕಾರಿಗೆ ಹೊಸ ಎಂಜಿನು: ಒಂದು ಚಿಕ್ಕ ಇತಿಹಾಸ

ನಮ್ಮ ಸಂಘದ ಹಲವು ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ. ಉಡುಪಿಯಲ್ಲೋ ಶಿವಮೊಗ್ಗದಲ್ಲೋ ಮೈಸೂರಿನಲ್ಲೋ ತಂದೆಯವರ ಕಾಲದ ಫಿಯೆಟ್ ಕಾರು ನಿಂತಿದೆ. ಮಾರಲು ಮನಸ್ಸಿಲ್ಲ, ಓಡಿಸೋಣವೆಂದರೆ ಎಂಜಿನಿನಲ್ಲಿ ಕಸುವಿಲ್ಲ. ರಜೆಗೆ ಊರಿಗೆ ಹೋದಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಅದಕ್ಕೊಂದು ಹೊಸ ಜಪಾನಿ ಎಂಜಿನು ಕೂರಿಸಿಬಿಡಿ, ಮಾರಾಯ್ರೆ. ಹಕ್ಕಿಯ ಹಾಗೆ ಹಾರುತ್ತದೆ."

ಈ ಸಲಹೆ ಹೊಸದಲ್ಲ. ದೊಡ್ಡ ದೊಡ್ಡ ಕಾರ್ಖಾನೆಗಳೇ ಇದನ್ನು ಮಾಡಿ ನೋಡಿವೆ; ಕೆಲವು ಗೆದ್ದಿವೆ, ಕೆಲವು ಸೋತಿವೆ. ಆ ಇತಿಹಾಸವನ್ನು ತಿಳಿದುಕೊಂಡರೆ ನಮ್ಮ ಮನೆಯ ಕಾರಿನ ವಿಷಯದಲ್ಲಿ ತೀರ್ಮಾನ ಮಾಡುವುದು ಸುಲಭವಾಗುತ್ತದೆ. ನಾನು ವೃತ್ತಿಯಿಂದ ರಸಾಯನ ವಿಜ್ಞಾನದವನು, ಮೆಕ್ಯಾನಿಕ್ ಅಲ್ಲ. ಆದರೆ ಎಂಜಿನೆಂಬುದು ಕೊನೆಗೂ ಪೆಟ್ರೋಲು ಉರಿಯುವ ಒಂದು ಪಾತ್ರೆಯೇ ಆದ್ದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು, ವೇಗವಾಗಿ ತಿರುಗುವ ಎಂಜಿನು ಎಂದರೇನು ಎಂಬುದನ್ನು ನೋಡೋಣ. ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ಹೆಚ್ಚು ನೀರು ಬೇಕಾದರೆ ಎರಡು ದಾರಿಗಳಿವೆ: ದೊಡ್ಡ ಕೊಡ ಇಳಿಸಬೇಕು, ಇಲ್ಲವೇ ಅದೇ ಕೊಡದಿಂದ ಬೇಗ ಬೇಗ ಸೇದಬೇಕು. ಸಣ್ಣ ಎಂಜಿನಿನಿಂದ ಹೆಚ್ಚು ಶಕ್ತಿ ಪಡೆಯುವುದು ಈ ಎರಡನೆಯ ದಾರಿ. ಆದರೆ ಬೇಗ ಸೇದಿದಷ್ಟೂ ಹಗ್ಗ, ರಾಟೆ, ರಟ್ಟೆ ಎಲ್ಲವೂ ಸವೆಯುತ್ತವೆ. ಎಂಜಿನಿನಲ್ಲಿಯೂ ಹೀಗೆಯೇ. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಬೀಳುವ ಎಳೆತವು ಸುತ್ತಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸುತ್ತು ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು.

ನಮ್ಮ ಪ್ರೀಮಿಯರ್ ಪದ್ಮಿನಿಯ ಎಂಜಿನು 1089 ಸಿ.ಸಿ. ಅದರ ಸಿಲಿಂಡರಿನ ಅಗಲ 68 ಮಿಲಿಮೀಟರು. ಪಿಸ್ಟನ್ ಏರಿಳಿಯುವ ದೂರ 75 ಮಿಲಿಮೀಟರು. ನಿಮಿಷಕ್ಕೆ 4800 ಸುತ್ತಿನ ಆಸುಪಾಸಿನಲ್ಲಿ ಸುಮಾರು 40 ಅಶ್ವಶಕ್ತಿ ಕೊಡುತ್ತಿತ್ತು. ಆ ವೇಗದಲ್ಲಿ ಪಿಸ್ಟನ್ ಸರಾಸರಿ ಸೆಕೆಂಡಿಗೆ 12 ಮೀಟರು ಓಡುತ್ತದೆ. 1989ರಲ್ಲಿ ಹೋಂಡಾ ಕಂಪನಿಯವರು ಜಪಾನಿನಲ್ಲಿ ಇಂಟೆಗ್ರಾ ಕಾರಿಗೆ ಹಾಕಿದ ಬಿ16ಎ ಎಂಬ ಎಂಜಿನು 1595 ಸಿ.ಸಿ.ಯದು, 7600 ಸುತ್ತಿನಲ್ಲಿ 160 ಅಶ್ವಶಕ್ತಿ. 8000 ಸುತ್ತಿನಲ್ಲಿ ಅದರ ಪಿಸ್ಟನ್ ಸೆಕೆಂಡಿಗೆ 20 ಮೀಟರಿಗಿಂತ ಹೆಚ್ಚು ಓಡುತ್ತದೆ. ಗಾತ್ರ ಒಂದೂವರೆ ಪಟ್ಟು, ಶಕ್ತಿಯಾದರೋ ನಾಲ್ಕು ಪಟ್ಟು! ನಿಧಾನಕ್ಕೆ ಓಡುವಾಗ ಒಂದು ರೀತಿ, ಜೋರಾಗಿ ಓಡುವಾಗ ಇನ್ನೊಂದು ರೀತಿ ಕವಾಟಗಳು ತೆರೆದುಕೊಳ್ಳುವಂತೆ ಮಾಡಿದ್ದು ಅದರ ಜಾಣತನ. ಈ ಜಾತಿಯ ಎಂಜಿನುಗಳನ್ನು ಹಳೆಯ ಮಿನಿ ಕಾರುಗಳಿಗೆ ಕೂರಿಸುವ ಹವ್ಯಾಸ ಇಂಗ್ಲೆಂಡ್, ಅಮೆರಿಕಗಳಲ್ಲಿ ಬೆಳೆದಿದೆ.

ಮಿನಿಯ ಕಥೆಯನ್ನೂ ಸ್ವಲ್ಪ ಹೇಳಬೇಕು. ಏಕೆಂದರೆ ಪಾಠವೆಲ್ಲ ಅದರಲ್ಲೇ ಅಡಗಿದೆ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಇಂಗ್ಲೆಂಡಿಗೆ ಇಲ್ಲಿನ ಕೊಲ್ಲಿಯ ಎಣ್ಣೆ ಹೋಗುವುದು ಕಷ್ಟವಾಯಿತು; ಪೆಟ್ರೋಲಿಗೆ ರೇಷನ್ ಬಂದಿತು. ಆಗ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರರು ಕಡಿಮೆ ಪೆಟ್ರೋಲು ಕುಡಿಯುವ ಪುಟ್ಟ ಕಾರನ್ನು ರೂಪಿಸಿದರು. ಮೊದಲು ತಯಾರಿಸಿದ ಮಾದರಿಗೆ 948 ಸಿ.ಸಿ. ಎಂಜಿನು ಹಾಕಿದ್ದರು. ಅದು ಗಂಟೆಗೆ 90 ಮೈಲಿಯವರೆಗೂ ಓಡಿತು. ಇಷ್ಟು ವೇಗ ಈ ಕಾರಿಗೆ ಅತಿಯಾಯಿತೆಂದು ಕಂಪನಿಯವರು ಎಂಜಿನನ್ನು 848 ಸಿ.ಸಿ.ಗೆ ಇಳಿಸಿ, 1959ರಲ್ಲಿ ಕಾರನ್ನು ಮಾರುಕಟ್ಟೆಗೆ ತಂದರು. 34 ಅಶ್ವಶಕ್ತಿ, 10 ಅಂಗುಲದ ಚಕ್ರ, ನಾಲ್ಕೂ ಕಡೆ ಡ್ರಮ್ ಬ್ರೇಕು. ಮಾಡಿದವರೇ ತಮ್ಮ ಕಾರಿನ ಮಿತಿಯನ್ನು ಕಂಡುಕೊಂಡಿದ್ದರು.

ಮುಂದೆ ರೇಸು ಕಾರುಗಳ ಜಾನ್ ಕೂಪರ್ ಅವರು ಇದಕ್ಕೆ ಹೆಚ್ಚಿನ ಕಸುವು ತುಂಬಬಹುದೆಂದು ಕಂಪನಿಯವರನ್ನು ಒಪ್ಪಿಸಿದರು. 1961ರಲ್ಲಿ ಬಂದ ಮಿನಿ ಕೂಪರ್‌ನ ಎಂಜಿನು 997 ಸಿ.ಸಿ., 55 ಅಶ್ವಶಕ್ತಿ. ಗಮನಿಸಿ: ಶಕ್ತಿಯನ್ನು ಏರಿಸಿದ ದಿನವೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂದಿತು. 1964ರಲ್ಲಿ ಕೂಪರ್ ಎಸ್ ಎಂಬ ಮುಂದಿನ ಮಾದರಿ ತನಗಿಂತ ದೊಡ್ಡ ಕಾರುಗಳನ್ನು ಹಿಂದೆ ಹಾಕಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. ಗೆಲುವಿನ ಕೀರ್ತಿ ಎಂಜಿನಿಗೆ ಹೋಯಿತು. ಬ್ರೇಕನ್ನು ಹೊಗಳಿದವರು ಕಡಿಮೆ.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಮೊದಲು ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯರು. 1935ರಲ್ಲಿ ಅವರು ಯುರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ನೋಡಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದರ ಜೊತೆ ಯೋಜನೆ ಸಿದ್ಧವಾಯಿತು; ಮೈಸೂರು ಸಂಸ್ಥಾನದಲ್ಲಿ ಅದನ್ನು ಸ್ಥಾಪಿಸುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ಅದೇ ವಾಲ್‌ಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್.ಎ.ಎಲ್. 1944ರಲ್ಲಿ ಅವರ ಮೋಟಾರು ಕಂಪನಿ ಪ್ರೀಮಿಯರ್ ಮುಂಬಯಿಯಲ್ಲಿ ಹುಟ್ಟಿತು. ಬೆಂಗಳೂರಿಗೆ ಬರಬಹುದಾಗಿದ್ದ ಕಾರು ಕುರ್ಲಾದಲ್ಲಿ ತಯಾರಾಯಿತು. 1964ರಿಂದ ಅಲ್ಲಿ ತಯಾರಾದ ಫಿಯೆಟ್ 1100 ಕಾರೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದು, ಒಂದೆರಡು ತಲೆಮಾರುಗಳ ಮಧ್ಯಮ ವರ್ಗದ ಮನೆಗಳಿಗೆ ಬಂದಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಹಳೆಯ ಕಂಪನಿಗಳಿಗೆಲ್ಲ ನಡುಕ ಹುಟ್ಟಿತು. ಆಗ ಪ್ರತಿಯೊಬ್ಬರೂ ಮಾಡಿದ್ದು ಇದೇ ಕಸಿ ಕೆಲಸ. ಪ್ರೀಮಿಯರ್‌ನವರು 1985ರಲ್ಲಿ 118 ಎನ್‌ಇ ಎಂಬ ಕಾರನ್ನು ತಂದರು. ಮೈ 1960ರ ದಶಕದ ಫಿಯೆಟ್ 124ರದು. ಎಂಜಿನು ಜಪಾನಿನ ನಿಸ್ಸಾನ್ ಎ12. 1171 ಸಿ.ಸಿ.ಯ ಈ ಎಂಜಿನಿನ ಅಗಲ 73, ಓಡಾಟ 70 ಮಿಲಿಮೀಟರು. ಪದ್ಮಿನಿಯ ಲೆಕ್ಕ ತಿರುವುಮುರುವಾಯಿತು. ಪಿಸ್ಟನ್ ಓಡುವ ದೂರ ಕಡಿಮೆಯಾದ್ದರಿಂದ ಎಂಜಿನು ಹಗುರವಾಗಿ ಸುತ್ತುತ್ತಿತ್ತು. ಗೇರ್‌ಬಾಕ್ಸನ್ನೂ ನಿಸ್ಸಾನಿನಿಂದಲೇ ತಂದಿದ್ದರು. ಜನ ಮೆಚ್ಚಿದರು.

ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು ಅದೇ ವರ್ಷ ಇದಕ್ಕೆ ತದ್ವಿರುದ್ಧ ಮಾಡಿದರು. ಇಂಗ್ಲೆಂಡಿನ ರೋವರ್ ಕಾರಿನ ಅಂದವಾದ ಹೊಸ ಮೈಗೆ ತಮ್ಮಲ್ಲಿದ್ದ ಹಳೆಯ ವ್ಯಾನ್‌ಗಾರ್ಡ್ ವಂಶದ ಎಂಜಿನನ್ನು ಹಾಕಿ ಸ್ಟ್ಯಾಂಡರ್ಡ್ 2000 ಎಂದು ಕರೆದರು. ಮೇಲೆ ರೇಷ್ಮೆ, ಒಳಗೆ ಗೋಣಿ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಹಿಂದೂಸ್ತಾನ್ ಮೋಟಾರ್ಸ್‌ನವರು ಎರಡನ್ನೂ ಮಾಡಿದರು: 1984ರ ಕಾಂಟೆಸಾಕ್ಕೆ ಮೊದಲು ಅಂಬಾಸಡರಿನ ಹಳೆಯ 1489 ಸಿ.ಸಿ. ಎಂಜಿನು ಹಾಕಿದರು; ಅದು ಆ ದೊಡ್ಡ ಮೈಯನ್ನು ಎಳೆಯಲಾರದೆ ಏದುಸಿರು ಬಿಟ್ಟಿತು. ಆಮೇಲೆ ಇಸುಜು 1.8 ಲೀಟರಿನ ಎಂಜಿನು ತಂದರು. ಕಾಂಟೆಸಾಕ್ಕೆ ಜೀವ ಬಂದಿತು. 1990ರ ದಶಕದ ಆರಂಭದಲ್ಲಿ ಅಂಬಾಸಡರಿಗೂ ಇಸುಜು ಎಂಜಿನು ಕೂರಿಸಿದಾಗ, ಜೊತೆಗೆ ಐದು ಗೇರುಗಳ ಹೊಸ ಪೆಟ್ಟಿಗೆಯನ್ನೂ ಕೊಟ್ಟರು. 1950ರ ದಶಕದ ಮೋರಿಸ್ ಮೈ ಈ ಹೊಸ ಹೃದಯದಿಂದ ಇನ್ನೂ ಎರಡು ದಶಕ ಬಾಳಿ 2014ರಲ್ಲಿ ನಿಂತಿತು.

ಈ ಕಥೆಗಳಿಂದ ತಿಳಿಯುವುದು ಒಂದೇ: ಹೊಸ ಎಂಜಿನು ಒಂಟಿಯಾಗಿ ಬರುವುದಿಲ್ಲ, ಮದುಮಗನ ಹಾಗೆ ದಿಬ್ಬಣ ಕಟ್ಟಿಕೊಂಡು ಬರುತ್ತದೆ. ದಿಬ್ಬಣದಲ್ಲಿ ಯಾರು ಯಾರಿದ್ದಾರೆ ನೋಡಿ.

ಮೊದಲನೆಯದು ಗೇರ್‌ಬಾಕ್ಸು. 7000 ಸುತ್ತಿನಲ್ಲಿ ಶಕ್ತಿ ಕೊಡುವ ಎಂಜಿನಿಗೆ 4800 ಸುತ್ತಿನ ಎಂಜಿನಿಗಾಗಿ ಮಾಡಿದ ಗೇರುಗಳು ಹೊಂದುವುದಿಲ್ಲ. ಅದನ್ನು ಬದಲಿಸಿದರೆ, ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರಿನ ಹಿಡಿ ಹೋಗಿ ನೆಲದ ಮೇಲಿನ ಗೇರು ಬರುತ್ತದೆ. ಅಪ್ಪ ಹಿಡಿದು ಸವೆಸಿದ ಆ ಹಿಡಿಗಾಗಿಯೇ ಕಾರನ್ನು ಇಟ್ಟುಕೊಂಡವರು ಇದನ್ನು ಯೋಚಿಸಬೇಕು.

ಎರಡನೆಯದು ಬ್ರೇಕು. ಗಂಟೆಗೆ 80 ಕಿಲೋಮೀಟರಿನಲ್ಲಿ ಓಡುವ ಕಾರನ್ನು ನಿಲ್ಲಿಸಲು ಬೇಕಾದ ಶಕ್ತಿಗಿಂತ 120ರಲ್ಲಿ ಓಡುವುದನ್ನು ನಿಲ್ಲಿಸಲು ಎರಡೂಕಾಲು ಪಟ್ಟು ಬೇಕು. ಹಳೆಯ ಡ್ರಮ್ಮುಗಳಲ್ಲಿ ಆ ಶಾಖ ಹೊರಹೋಗಲು ಜಾಗವಿಲ್ಲ. ಘಟ್ಟ ಇಳಿಯುವಾಗ ಪೆಡಲು ತುಳಿದರೂ ಕಾರು ನಿಲ್ಲದೆ ಹೋದೀತು. ಆಗುಂಬೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಮೂರನೆಯದು ತಂಪು. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ರೇಡಿಯೇಟರಿನ ಮೂಲಕ ಶಾಖವಾಗಿ ಹೋಗಬೇಕು. ನಾಲ್ಕು ಪಟ್ಟು ಶಕ್ತಿಯನ್ನು ಪೂರ್ತಿ ಬಳಸಿದರೆ ಹೊರಹಾಕಬೇಕಾದ ಶಾಖವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಜುಲೈ ತಿಂಗಳಲ್ಲಿ 45 ಡಿಗ್ರಿ ದಾಟುವ ಅಬುಧಾಬಿ ರಸ್ತೆಯಲ್ಲಿ ಇದೇ ಮೊದಲ ಪ್ರಶ್ನೆ. ನಾಲ್ಕನೆಯದು ಪೆಟ್ರೋಲು ಪಂಪು. ಕಾರ್ಬ್ಯುರೇಟರಿಗೆ ಅಲ್ಪ ಒತ್ತಡ ಸಾಕು. ಇಂದಿನ ಇಂಜೆಕ್ಷನ್ ಎಂಜಿನಿಗೆ ಅದರ ಹತ್ತು ಪಟ್ಟಿನಷ್ಟು ಬೇಕು. ಹಳೆಯ ಟ್ಯಾಂಕು, ಹಳೆಯ ರಬ್ಬರ್ ಕೊಳವೆಗಳು ಅದನ್ನು ತಾಳಲಾರವು, ಸೋರಿದರೆ ಬೆಂಕಿ.

ಇಲ್ಲಿ ನನ್ನ ವಿಷಯದ ಎರಡು ಮಾತು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್‌ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನಿನ ಬಡಿತ ನಿಲ್ಲುತ್ತದೆಂದು ಕಂಡುಹಿಡಿದರು. ಆ ಸೀಸ ಕವಾಟಗಳ ಪೀಠದ ಮೇಲೆ ತೆಳುವಾಗಿ ಕುಳಿತು ಸವೆತವನ್ನೂ ತಡೆಯುತ್ತಿತ್ತು. ಆದರೆ ಅದು ಮಕ್ಕಳ ಮಿದುಳಿಗೆ ವಿಷ. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತಿತು. ಜಗತ್ತಿನ ಬಂಕುಗಳಲ್ಲಿ ಕೊನೆಯದಾಗಿ ಅಲ್ಜೀರಿಯಾದಲ್ಲಿ 2021ರಲ್ಲಿ. ಮಿನಿಯಂಥ ಎರಕದ ಕಬ್ಬಿಣದ ತಲೆಯ ಎಂಜಿನುಗಳಿಗೆ ಈಗ ಗಡಸು ಲೋಹದ ಪೀಠ ಹಾಕಿಸಬೇಕು. ಇದು ಎಂಜಿನು ಬದಲಿಸುವುದಕ್ಕಿಂತ ಎಷ್ಟೋ ಸಣ್ಣ ಕೆಲಸ. ಭಾರತದ ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥೆನಾಲ್ ಇದೆ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಎಂಜಿನು ಹಳೆಯದಿರಲಿ, ಹೊಸದಿರಲಿ, ಕೊಳವೆಗಳನ್ನು ಬದಲಿಸಲೇಬೇಕು. ಇನ್ನೊಂದು: ಹಳೆಯ ಎಂಜಿನು ಗಾಳಿಯನ್ನು ಅಷ್ಟಾಗಿ ಅದುಮುವುದಿಲ್ಲ. ಇಲ್ಲಿನ ಬಂಕಿನ 98 ನಂಬರಿನ ಪೆಟ್ರೋಲು ಹಾಕಿದರೆ ಅದಕ್ಕೆ ಹೆಚ್ಚಿನ ಬಲವೇನೂ ಬರದು, ದುಡ್ಡು ದಂಡ.

ಕೊನೆಯದಾಗಿ ಕಾನೂನು. ಈ ದೇಶದಲ್ಲಿ ಅನುಮತಿಯಿಲ್ಲದೆ ಎಂಜಿನು ಅಥವಾ ಷಾಸಿ ಬದಲಿಸುವುದು ಸಂಚಾರ ಅಪರಾಧ. ಮುಲ್ಕಿಯಾದಲ್ಲಿ ಇರುವುದೂ ಕಾರಿನಲ್ಲಿ ಇರುವುದೂ ಒಂದೇ ಆಗಿರಬೇಕು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇದನ್ನೇ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಇದಕ್ಕಿಂತ ಮುಖ್ಯವಾದದ್ದು 2021ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರ ತಂದ ನಿಯಮ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಸ್ವಂತ ವಾಹನಗಳನ್ನು ಪುರಾತನ ವಾಹನವೆಂದು ಬೇರೆ ನಂಬರು ಕೊಟ್ಟು ನೋಂದಾಯಿಸುತ್ತಾರೆ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದರೆ ಪ್ರದರ್ಶನ, ರ‍್ಯಾಲಿಗಳಿಗೆ ಗೌರವದಿಂದ ಓಡಿಸಬಹುದು. ಷಾಸಿ, ಮೈ, ಎಂಜಿನುಗಳನ್ನು ಮಾರ್ಪಡಿಸಿದ ಕಾರಿಗೆ ಈ ಹಕ್ಕಿಲ್ಲ. 1960ರ ದಶಕದ ಎಷ್ಟೋ ಫಿಯೆಟ್‌ಗಳು ಈಗಾಗಲೇ ಆ ವಯಸ್ಸು ದಾಟಿವೆ. 1970ರ ದಶಕದವು ವರ್ಷ ವರ್ಷವೂ ಆ ಸಾಲಿಗೆ ಸೇರುತ್ತಿವೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಮರೆಯಾಯಿತು. ಮೂಲ ರೂಪದಲ್ಲಿ ಉಳಿದಿರುವ ಕಾರುಗಳ ಬೆಲೆ ನಮಗೆ ಮುಂದೆ ತಿಳಿಯಲಿದೆ.

ಹಾಗಾದರೆ ಎಂಜಿನು ಬದಲಿಸಲೇಬಾರದೆ? ಹಾಗೇನಿಲ್ಲ. ತುಕ್ಕು ಹಿಡಿದ ಖಾಲಿ ಮೈ ಮಾತ್ರ ಉಳಿದಿರುವ ಕಾರಿಗೆ, ಬ್ರೇಕಿನಿಂದ ಆರಂಭಿಸಿ ಎಂಜಿನಿನಲ್ಲಿ ಮುಗಿಸುವ ತಾಳ್ಮೆ, ಹಣ, ಆರ್.ಟಿ.ಓ. ಕಛೇರಿಯ ಒಪ್ಪಿಗೆ ಮೂರೂ ಇದ್ದವರು ಧಾರಾಳವಾಗಿ ಮಾಡಲಿ. ಎಂಜಿನಿನಿಂದ ಆರಂಭಿಸಿ ಬ್ರೇಕಿನಲ್ಲಿ ಮುಗಿಸುವವರು ಮಾತ್ರ ಬೇಡ. ತಂದೆಯವರ ಕೈಯಿಂದ ನೇರ ಬಂದ, ಎಂಜಿನಿನ ನಂಬರೂ ಪುಸ್ತಕದ ನಂಬರೂ ಒಂದೇ ಆಗಿರುವ ಕಾರಾದರೆ ನನ್ನ ಅಭಿಪ್ರಾಯ ಬೇರೆ. ಅದರ ಹಳೆಯ ಎಂಜಿನನ್ನೇ ಬಿಚ್ಚಿಸಿ, ಪಿಸ್ಟನ್ ರಿಂಗು, ಬೇರಿಂಗು, ಕವಾಟದ ಪೀಠ, ಕೊಳವೆಗಳನ್ನು ಹೊಸದಾಗಿ ಹಾಕಿಸಿರಿ. ನಲವತ್ತು ಅಶ್ವಶಕ್ತಿ ಆ ಕಾರಿಗೆ ಅಂದೂ ಸಾಕಾಗಿತ್ತು. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಕಿಟಕಿ ಇಳಿಸಿ ಮಕ್ಕಳನ್ನು ಕೂರಿಸಿಕೊಂಡು ಹೋಗಲು ಇಂದೂ ಸಾಕು. ಅಷ್ಟರೊಳಗೆ ಮಕ್ಕಳಿಗೆ ಹಳೆಯ ಕಾರುಗಳ ರುಚಿ ಹತ್ತಿಸಬೇಕೆಂದರೆ, ಒಂದು ರಜಾ ದಿನ ಶಾರ್ಜಾದ ಹಳೆಯ ಕಾರುಗಳ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಬನ್ನಿ.