ಉತ್ತರ ಅಕ್ಷಾಂಶ 14 ಡಿಗ್ರಿಯ ಆಚೆಗೆ ಬೂತಾಯಿ: ಕೆಲವು ದಾಖಲೆಗಳ ಪರಿಶೀಲನೆ

1. ಪ್ರತಿಪಾದನೆ

ಬೂತಾಯಿ, ಬೈಗೆ, ತಾರ್ಲೆ ಎಂದು ನಮ್ಮ ಕರಾವಳಿಯಲ್ಲಿ ಕರೆಯಲಾಗುವ ಸಾರ್ಡಿನೆಲ್ಲಾ ಲಾಂಜಿಸೆಪ್ಸ್ (ವಾಲೆನ್ಸಿಯೆನ್, 1847) ಉತ್ತರಕ್ಕೆ ಸರಿದಿದೆ ಎಂಬ ಮಾತಿಗೆ ಮುಖ್ಯ ಆಧಾರ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಶ್ಲೇಷಣೆ. ಅದರ ಪ್ರಕಾರ 1985ಕ್ಕೆ ಮೊದಲು ಬಹುಪಾಲು ಹಿಡುವಳಿ 8ರಿಂದ 14 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವಿನದು. 2006ರಲ್ಲಿ 14ರಿಂದ 20 ಡಿಗ್ರಿಯ ಪಟ್ಟಿಯ ಪಾಲು ದೇಶದ ಒಟ್ಟು ಹಿಡುವಳಿಯ ಸುಮಾರು ಶೇ. 15. ಸಮುದ್ರದ ಮೇಲ್ಮೈ ಬಿಸಿಯೇರಿದ್ದು ಇದಕ್ಕೆ ಸಂಭಾವ್ಯ ಕಾರಣವೆಂದು ಅಲ್ಲಿ ಸೂಚಿಸಲಾಗಿದೆ. ಅಂಕಿಗಳನ್ನು ಈ ಟಿಪ್ಪಣಿ ಪ್ರಶ್ನಿಸುವುದಿಲ್ಲ. ಅವು ಮೀನಿನ ನೆಲೆಯನ್ನು ಎಷ್ಟರಮಟ್ಟಿಗೆ ಹೇಳುತ್ತವೆ ಎಂಬುದಷ್ಟೇ ಇಲ್ಲಿನ ವಿಚಾರ.

2. ಗೆರೆಯ ಸ್ಥಾನ

14 ಡಿಗ್ರಿಯ ಗೆರೆ ಭಟ್ಕಳದ ಆಸುಪಾಸಿನಲ್ಲಿ ಹಾಯುತ್ತದೆ. ಹೊನ್ನಾವರ, ಕಾರವಾರಗಳು ಅದರ ಆಚೆ. ಮಲ್ಪೆ, ಮಂಗಳೂರುಗಳು ಈಚೆ. ಆದ್ದರಿಂದ ಕರ್ನಾಟಕದ ಒಟ್ಟು ಲೆಕ್ಕ ಎರಡೂ ಪಟ್ಟಿಗಳಿಗೆ ಸೇರುತ್ತದೆ. ಬಂದರುವಾರು ಬಿಡಿಸದೆ ಅದನ್ನು ಬಳಸುವಂತಿಲ್ಲ. ಮಲ್ಪೆಯ ದೋಣಿ ಕಾರವಾರದ ಆಚೆ ಬಲೆ ಬೀಸಿ ಮಲ್ಪೆಯಲ್ಲೇ ಮೀನು ಇಳಿಸಿದರೆ ಬಂದರಿನ ಲೆಕ್ಕದಲ್ಲಿ ಆ ಮೀನು 'ದಕ್ಷಿಣ'ದ್ದಾಗುತ್ತದೆ.

ಇನ್ನೊಂದು ಸಂಗತಿ ಗಮನಾರ್ಹ. ಈ ಮೀನಿನ ಜೀವನಚರಿತ್ರೆಯ ಕುರಿತ ಹಾರ್ನೆಲ್ ಮತ್ತು ನಾಯುಡು ಅವರ ಆರಂಭಿಕ ಅಧ್ಯಯನ (ಉಲ್ಲೇಖಗಳಲ್ಲಿ 1923 ಎಂದೂ 1924 ಎಂದೂ ಇದೆ) ಮದ್ರಾಸ್ ಮೀನುಗಾರಿಕೆ ಇಲಾಖೆಯದು. ಪಶ್ಚಿಮ ಕರಾವಳಿಯಲ್ಲಿ ಆ ಪ್ರಾಂತ್ಯದ ಗಡಿ ದಕ್ಷಿಣ ಕನ್ನಡದ ಉತ್ತರ ತುದಿಗೆ ಮುಗಿಯುತ್ತಿತ್ತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆಡಳಿತದ ಗಡಿಯೂ 14 ಡಿಗ್ರಿಯ ಗೆರೆಯೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುವುದು ಕಾಕತಾಳೀಯವಿರಬಹುದು. ಆದರೂ ಹಳೆಯ ಬರಹಗಳ 'ಉತ್ತರ ಮಿತಿ'ಯನ್ನು ಓದುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕ್ಷೇಮ.

3. ಇರುವಿಕೆ ಮತ್ತು ಮೀನುಗಾರಿಕೆ

ಮೀನಿನ ಇರುವಿಕೆ ಬೇರೆ, ಅದರ ಮೀನುಗಾರಿಕೆ ಬೇರೆ. ಇದೇ ಪ್ರಭೇದ ಒಮಾನ್ ಮತ್ತು ಪಾಕಿಸ್ತಾನದ ಕರಾವಳಿಗಳಲ್ಲಿ, ಅಂದರೆ ಬಹುಪಾಲು 20 ಡಿಗ್ರಿಗಿಂತಲೂ ಉತ್ತರದಲ್ಲಿ, ಹೇರಳವಾಗಿ ಸಿಗುತ್ತದೆ. ಪೂರ್ವ ಕರಾವಳಿಯ ಉದಾಹರಣೆ ಇನ್ನೂ ಸ್ಪಷ್ಟ: ಅಲ್ಲಿ 1980ರ ದಶಕದ ಕೊನೆಯವರೆಗೆ ಗಣನೀಯ ಹಿಡುವಳಿ ಇರಲಿಲ್ಲ, ಆದರೆ ವಾಲೆನ್ಸಿಯೆನ್ ಪ್ರಭೇದವನ್ನು ವರ್ಣಿಸಿದ ಮಾದರಿಯ ಮೂಲಸ್ಥಳ ಪುದುಚೇರಿ. ಹಾಗಾಗಿ 'ಹೊಸದಾಗಿ ಬಂದಿತು' ಎನ್ನುವುದಕ್ಕಿಂತ 'ಹಿಡಿಯುವಷ್ಟು ದಟ್ಟವಾಯಿತು' ಎನ್ನುವುದು ಹೆಚ್ಚು ನಿಖರವೆನಿಸುತ್ತದೆ.

4. ಗುರುತಿಸುವಿಕೆ

ಲಾಂಜಿಸೆಪ್ಸ್‌ನ ಹೊಟ್ಟೆರೆಕ್ಕೆಯಲ್ಲಿ ಒಂದು ಸರಳ, ಎಂಟು ಕವಲೊಡೆದ ಕಿರಣಗಳು. ಇಲ್ಲಿನ ಸಣ್ಣ ಸಾರ್ಡಿನ್‌ಗಳಲ್ಲಿ ಸಾಮಾನ್ಯವಾಗಿ ಕವಲಿನ ಕಿರಣ ಏಳು. ಬುಟ್ಟಿಗಟ್ಟಲೆ ಮೀನಿನ ಮುಂದೆ ಇದನ್ನು ಎಣಿಸುವವರು ವಿರಳ. ತಲೆಯ ಉದ್ದವೇ ಅಲ್ಲಿ ಗುರುತು. ಬಂದರಿನ ಲೆಕ್ಕ ಇಂಥ ಗುರುತಿನ ಮೇಲೇ ನಿಂತಿದೆ.

5. ಕಾರಣಗಳ ತೂಕ

1960ರಿಂದ 2005ರವರೆಗೆ ಪಶ್ಚಿಮ ಕರಾವಳಿಯಲ್ಲಿ ಮೇಲ್ಮೈ ಉಷ್ಣಾಂಶ ಏರಿದ್ದು ಸುಮಾರು 0.2 ಡಿಗ್ರಿ ಸೆಲ್ಸಿಯಸ್. ಇಷ್ಟೇ ಸಾಕಿತ್ತೆ ಎಂಬುದು ಚರ್ಚಾರ್ಹ. ಇದೇ ಅವಧಿಯಲ್ಲಿ ಬಲೆಯೂ ಬದಲಾಯಿತು: 1970ರ ದಶಕದ ನಡುವೆ ಕರ್ನಾಟಕಕ್ಕೆ ಕಡಲಲ್ಲೇ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆ ಬಂದು, ದಡಕ್ಕೆ ಎಳೆಯುವ ರಂಪಣಿ ಹಿಂದೆ ಸರಿಯಿತು. ದಡ ಮುಟ್ಟದ ಹಿಂಡೂ ಆಗ ಲೆಕ್ಕಕ್ಕೆ ಸಿಕ್ಕಿತು. ಮೀನಿನ ಸಂಖ್ಯೆ ಹೆಚ್ಚಿದಾಗ ಹಿಂಡುಗಳು ಅಂಚಿನ ನೀರಿಗೂ ಹರಡುವುದು ಇನ್ನೊಂದು ಸಾಧ್ಯತೆ.

6. ಪಾಲಿನ ಲೆಕ್ಕ

ಕೇರಳದ ಬೂತಾಯಿ ಹಿಡುವಳಿ 2012ರಲ್ಲಿ 3.9 ಲಕ್ಷ ಟನ್ ಮೀರಿತ್ತು. 2021ರಲ್ಲಿ 3,297 ಟನ್. ಇದರಿಂದ ದೇಶದ ಒಟ್ಟು ಹಿಡುವಳಿ, ಅಂದರೆ ಪಾಲಿನ ಲೆಕ್ಕದ ಛೇದ, ಕುಸಿದಾಗ, ಉತ್ತರದಲ್ಲಿ ಒಂದು ಮೀನೂ ಹೆಚ್ಚದೆ ಉತ್ತರದ ಶೇಕಡಾವಾರು ಏರಬಲ್ಲದು. ಆದ್ದರಿಂದ 2006ರ ಶೇ. 15ನ್ನು ನಂತರದ ವರ್ಷಗಳ ಪಾಲಿನೊಡನೆ ಹೋಲಿಸುವಾಗ ಟನ್ ಲೆಕ್ಕ, ಬಲೆಯ ಬಗೆ ಹಾಗೂ ಹಿಡಿದ ಸ್ಥಳದ ಅಕ್ಷಾಂಶ, ಈ ಮೂರನ್ನೂ ಜೊತೆಗಿಡಬೇಕಾಗುತ್ತದೆ.