ಮಾದರಿ ಜೆಟ್ ವಿಮಾನಗಳು: ಸ್ಪೀಡ್ ಬ್ರೇಕ್ ಮತ್ತು ನಿಯಂತ್ರಣ ಫಲಕಗಳ ಪರೀಕ್ಷೆ

ಜೆಟ್ ಎಂಜಿನ್ನಿನ ಪ್ರವರ್ತಕ ಫ್ರಾಂಕ್ ವಿಟ್ಲ್ ಬೆಳೆದದ್ದು ಲೆಮಿಂಗ್ಟನ್ ಸ್ಪಾದಲ್ಲಿ. 1907ರಲ್ಲಿ ಕೊವೆಂಟ್ರಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ಕುಟುಂಬದೊಡನೆ ಈ ಊರಿಗೆ ಬಂದರು. ವಾಯುಪಡೆಯ ತರಬೇತಿಯ ದಿನಗಳಲ್ಲಿ ಮಾದರಿ ವಿಮಾನಗಳನ್ನು ಕಟ್ಟಿದರು. ಅವರ ಎಂಜಿನ್ ಹೊತ್ತ ಗ್ಲೋಸ್ಟರ್ ಇ.28/39 ವಿಮಾನವು 1941ರ ಮೇ 15ರಂದು ಹಾರಿತು. ಆ ಬಗೆಯ ಎರಡನೆಯ ವಿಮಾನ 1943ರ ಜುಲೈ 30ರಂದು ನಾಶವಾಯಿತು. ಕಾರಣ ಎಂಜಿನ್ನಲ್ಲ: ಎತ್ತರದಲ್ಲಿ ಐಲೆರಾನ್ ಬಿಗಿದುಕೊಂಡಿತ್ತು. ಚಾಲಕರು ಪ್ಯಾರಾಚೂಟಿನಿಂದ ಪಾರಾದರು.

ರೇಡಿಯೊ ನಿಯಂತ್ರಿತ ಜೆಟ್ಟಿಗೂ ಇದೇ ಅಪಾಯವುಂಟು. ಆದ್ದರಿಂದ ಮೊದಲ ಪರೀಕ್ಷೆ ನೆಲದ ಮೇಲೆ, ಟರ್ಬೈನ್ ಆರಿಸಿಯೇ ನಡೆಯಬೇಕು. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲ ಐಲೆರಾನ್ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಕಡ್ಡಿಯನ್ನು ಹಿಂದಕ್ಕೆಳೆದರೆ ಎಲಿವೇಟರಿನ ಹಿಂಬದಿಯ ಅಂಚು ಮೇಲೇಳಬೇಕು. ಫಲಕವನ್ನು ಬೆರಳಿನಿಂದ ಮೆಲ್ಲನೆ ಅಲುಗಿಸಿ ಸಡಿಲವನ್ನು ಗುರುತಿಸಬೇಕು. ಎಲ್ಲ ಸರ್ವೊಗಳೂ ಒಟ್ಟಿಗೆ ಚಲಿಸುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯಬಾರದು.

ಟರ್ಬೈನ್ ಕನಿಷ್ಠ ವೇಗದಲ್ಲಿಯೂ ತುಸು ನೂಕುತ್ತಲೇ ಇರುವುದರಿಂದ, ನುಣುಪು ಮೈಯ ಜೆಟ್ ಇಳಿಯುವಾಗ ಸುಲಭವಾಗಿ ನಿಧಾನಿಸದು. ಸ್ಪೀಡ್ ಬ್ರೇಕಿನ ಉಪಯೋಗ ಇಲ್ಲಿದೆ. ರೆಕ್ಕೆಗಳ ಮೇಲೆ ಜೋಡಿಯಾಗಿರುವ ಬ್ರೇಕುಗಳು ಒಂದೇ ಕ್ಷಣದಲ್ಲಿ, ಒಂದೇ ಕೋನಕ್ಕೆ ತೆರೆಯಬೇಕು. ಇಲ್ಲವಾದರೆ ವಿಮಾನ ಒಂದು ಬದಿಗೆ ತಿರುಗುತ್ತದೆ.

ಆಗಸದಲ್ಲಿ ಇದನ್ನು ಮೊದಲು ತೆರೆಯಬೇಕಾದದ್ದು ಸಾಕಷ್ಟು ಎತ್ತರದಲ್ಲಿ, ಮಧ್ಯಮ ವೇಗದಲ್ಲಿ. ಮೂತಿ ಮೇಲೆದ್ದರೆ ಅಥವಾ ಬಾಗಿದರೆ ಬ್ರೇಕನ್ನು ಮುಚ್ಚಿ, ವಿಮಾನವನ್ನು ಇಳಿಸಿದ ಮೇಲೆ ಎಲಿವೇಟರಿನ ಮಿಶ್ರಣವನ್ನು ಸರಿಪಡಿಸಬೇಕು. ನೆಲದ ಸಮೀಪದಲ್ಲಿ ಇದನ್ನು ಮೊದಲ ಬಾರಿಗೆ ಪ್ರಯೋಗಿಸುವವರಿಗೆ ತಿದ್ದಿಕೊಳ್ಳಲು ಎತ್ತರವೂ ಇಲ್ಲ, ಸಮಯವೂ ಇಲ್ಲ.